ಸಿರಿವಂತರ ಬಡಾವಣೆಯಲ್ಲಿ ಕಡಿಮೆ ಖರ್ಚಿನ ಊಟ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ದೊಡ್ಡ ಗೇಟು, ಎತ್ತರದ ಕಾಂಪೌಂಡು, ಸಾಲುಮರದ ರಸ್ತೆ. ಇಂಥ ಬಡಾವಣೆಗೆ ಕೆಲಸದ ಮೇಲೆ ಬಂದವರಿಗೆ, ಒಂದು ಕೋಣೆ ಬಾಡಿಗೆ ಹಿಡಿದವರಿಗೆ, ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಿಲ್ಲಬೇಕಾದವರಿಗೆ ಮೊದಲ ದಿನವೇ ಎದುರಾಗುವ ಕಷ್ಟ ಊಟದ್ದು. ಮುಖ್ಯರಸ್ತೆಯ ನಾಲ್ಕು ಹೋಟೆಲ್‌ಗಳ ದರಪಟ್ಟಿ ನೋಡಿ, ಇಲ್ಲಿ ನಮ್ಮಂಥವರಿಗೆ ಊಟವಿಲ್ಲ ಎಂದು ತೀರ್ಮಾನಿಸಿ, ಬಿಸ್ಕತ್ತು ತಿಂದು ನೀರು ಕುಡಿದು ದಿನ ದೂಡುವವರು ಬಹಳ ಮಂದಿ.

ಆ ತೀರ್ಮಾನ ತಪ್ಪು. ಆ ದೊಡ್ಡ ಮನೆಗಳನ್ನು ಗುಡಿಸಿ ಒರೆಸುವವರು, ತೋಟ ನೋಡಿಕೊಳ್ಳುವವರು, ಗೇಟು ಕಾಯುವವರು, ಕಾರು ಓಡಿಸುವವರು, ಗಾರೆ ಕೆಲಸದವರು, ಅಂಗಡಿಗಳಲ್ಲಿ ನಿಂತು ಮಾರುವವರು, ನರ್ಸ್‌ಗಳು ದಿನವೂ ಅಲ್ಲಿಗೇ ಬರುತ್ತಾರೆ. ಮಧ್ಯಾಹ್ನ ಅವರಿಗೂ ಹಸಿವಾಗುತ್ತದೆ. ಎಲ್ಲರೂ ಬುತ್ತಿ ಕಟ್ಟಿಕೊಂಡು ಬರುವುದಿಲ್ಲ. ಅವರು ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಕೊಟ್ಟು ಉಣ್ಣುತ್ತಾರೆ ಎಂದು ಪತ್ತೆ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಇದಕ್ಕೆ ನಕ್ಷೆಯ ಮುಂದೆ ಒಂದು ಗಂಟೆ, ಬೀದಿಯಲ್ಲಿ ಎರಡು ಸುತ್ತು, ಆಮೇಲೆ ಒಂದು ಸಣ್ಣ ನೋಟ್‌ಬುಕ್ ಸಾಕು.

ಬೆಲೆ ಏರುವುದೆಲ್ಲಿ, ಇಳಿಯುವುದೆಲ್ಲಿ

ಹುಡುಕಲು ಹೊರಡುವ ಮುಂಚೆ ಹೋಟೆಲ್ ನಡೆಸುವವರ ಲೆಕ್ಕ ಸ್ವಲ್ಪ ತಿಳಿದಿದ್ದರೆ ಅರ್ಧ ಅಲೆದಾಟ ಉಳಿಯುತ್ತದೆ. ಆ ಕಸುಬಿನಲ್ಲಿ ರೂಢಿಯಲ್ಲಿರುವ ಅಂದಾಜು ಹೀಗೆ: ತಟ್ಟೆಯ ಬೆಲೆ 100 ಎಂದಿಟ್ಟುಕೊಂಡರೆ ದಿನಸಿ ತರಕಾರಿಗೆ ಸುಮಾರು 30, ಕೆಲಸದವರ ಸಂಬಳಕ್ಕೆ ಹೆಚ್ಚುಕಡಿಮೆ ಅಷ್ಟೇ, ಕಟ್ಟಡದ ಬಾಡಿಗೆಗೆ 10ರೊಳಗೆ. ಇಂಧನ, ವಿದ್ಯುತ್, ರಿಪೇರಿ, ತೆರಿಗೆ, ಲಾಭ ಎಲ್ಲವೂ ಉಳಿದದ್ದರಲ್ಲಿ ಬರಬೇಕು. ಬಾಡಿಗೆ ದುಬಾರಿಯಾದ ಕಡೆ ಈ ಲೆಕ್ಕ ಕೂಡಬೇಕಾದರೆ ಮಾಲೀಕರಿಗೆ ಮೂರು ದಾರಿಗಳಿವೆ. ತಟ್ಟೆಯ ಬೆಲೆ ಏರಿಸುವುದು, ಅದೇ ಜಾಗದಲ್ಲಿ ಹೆಚ್ಚು ಜನಕ್ಕೆ ಬಡಿಸುವುದು, ಇಲ್ಲವೇ ರಸ್ತೆಯಿಂದ ಕಾಣದ ಅಗ್ಗದ ಜಾಗಕ್ಕೆ ಹೋಗುವುದು. ಮೊದಲನೆಯ ದಾರಿ ಹಿಡಿದವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ನಮಗೆ ಬೇಕಾದವರು ಎರಡನೆಯ, ಮೂರನೆಯ ದಾರಿಯವರು.

ಎರಡನೆಯ ದಾರಿಯ ಬಲ ಎಷ್ಟೆಂದು ನೋಡಿ. 20 ಕುರ್ಚಿಗಳಿರುವ ಜಾಗ, ಮಧ್ಯಾಹ್ನದ 3 ಗಂಟೆಯ ವ್ಯಾಪಾರ. ಪ್ರತಿಯೊಬ್ಬರೂ ಒಂದೂವರೆ ಗಂಟೆ ಕೂತರೆ ಎರಡು ಪಂಕ್ತಿ, ಒಟ್ಟು 40 ಜನ. ಪ್ರತಿಯೊಬ್ಬರೂ 20 ನಿಮಿಷದಲ್ಲಿ ಎದ್ದರೆ ಒಂಬತ್ತು ಪಂಕ್ತಿ, ಒಟ್ಟು 180 ಜನ. ಅದೇ ಬಾಡಿಗೆ ನಾಲ್ಕೂವರೆ ಪಟ್ಟು ತಟ್ಟೆಗಳ ಮೇಲೆ ಹಂಚಿಹೋಗುತ್ತದೆ. ಮೆತ್ತನೆಯ ಸೋಫಾ, ಮಂದ ದೀಪ, ಮೆಲುದನಿಯ ಸಂಗೀತ ಇವೆಲ್ಲ ಗಿರಾಕಿಯನ್ನು ಕೂರಿಸುವ ವ್ಯವಸ್ಥೆಗಳು. ಬೆನ್ನಿಲ್ಲದ ಸ್ಟೂಲು, ನಿಂತು ತಿನ್ನುವ ಕಟ್ಟೆ, ಪ್ರಖರ ಬೆಳಕು, ಮೊದಲೇ ಹಣ ಕೊಟ್ಟು ಟೋಕನ್ ಪಡೆಯುವ ಪದ್ಧತಿ ಇವು ಬೇಗ ಎಬ್ಬಿಸುವ ವ್ಯವಸ್ಥೆಗಳು. ಒಳಗೆ ಕಾಲಿಡುವ ಮುಂಚೆಯೇ ಕುರ್ಚಿ ನೋಡಿ ಬೆಲೆ ಊಹಿಸಬಹುದು. ಈ ಊಹೆ ಅಪರೂಪಕ್ಕೆ ಮಾತ್ರ ತಪ್ಪುತ್ತದೆ.

ಇನ್ನೊಂದು ಮಾತು. ಬಾಡಿಗೆ ಹೆಚ್ಚು, ಹಾಗಾಗಿ ಊಟ ದುಬಾರಿ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲೇ ಇದನ್ನು ತಿರುಗಿಸಿ ಹೇಳಿದ್ದರು: ಗೇಣಿ ಹೆಚ್ಚಿದ್ದರಿಂದ ಧಾನ್ಯದ ಬೆಲೆ ಏರುವುದಿಲ್ಲ, ಧಾನ್ಯದ ಬೆಲೆ ಹೆಚ್ಚಿರುವುದರಿಂದಲೇ ಗೇಣಿ ಏರುತ್ತದೆ. ಊಟಕ್ಕೂ ಇದು ಬಹುಮಟ್ಟಿಗೆ ಹೊಂದುತ್ತದೆ. ಬೆಲೆ ನಿಲ್ಲುವುದು ಗಿರಾಕಿ ಎಷ್ಟು ಕೊಡಬಲ್ಲರು ಎಂಬುದರ ಮೇಲೆ. ಒಂದೇ ಕಟ್ಟಡದ ಮುಂಬಾಗಿಲಲ್ಲಿ ದುಬಾರಿ ಹೋಟೆಲ್, ಹಿಂಬಾಗಿಲಲ್ಲಿ ಅಗ್ಗದ ಕಟ್ಟೆ ಇರುವುದು ಇದಕ್ಕೇ. ಎರಡರ ಗಿರಾಕಿಗಳೂ ಬೇರೆ. ವಿಳಾಸ ನೋಡುವುದಕ್ಕಿಂತ ಯಾರು ಒಳಗೆ ಹೋಗುತ್ತಿದ್ದಾರೆ ಎಂದು ನೋಡಿ.

ಹಂತ 1: ನಿಮ್ಮ ಅಳತೆಗೋಲು ನಿಗದಿ ಮಾಡಿಕೊಳ್ಳಿ

‘ಅಗ್ಗ’ ಎಂಬ ಪದ ಬಡಾವಣೆಯೊಳಗೆ ಕಾಲಿಟ್ಟ ಕೂಡಲೇ ಜಾರಲು ಶುರುವಾಗುತ್ತದೆ. ಸುತ್ತ ಎಲ್ಲವೂ ದುಬಾರಿಯಾದಾಗ ಅವುಗಳಲ್ಲಿ ಕಡಿಮೆಯದೇ ಅಗ್ಗವಾಗಿ ಕಾಣುತ್ತದೆ. ಅದಕ್ಕೆ ಹೊರಡುವ ಮುಂಚೆ ಒಂದು ಅಂಕಿ ಬರೆದಿಡಿ. ನಾವು ಸೂಚಿಸುವ ಅಳತೆ ಇದು: ಆ ಬಡಾವಣೆಯಲ್ಲಿ ಗೇಟು ಕಾಯುವವರಿಗೆ ಒಂದು ಗಂಟೆಗೆ ಸಿಗುವ ಕೂಲಿ. ತಿಂಗಳ ಸಂಬಳವನ್ನು ದುಡಿಯುವ ಗಂಟೆಗಳಿಂದ ಭಾಗಿಸಿದರೆ ಅಂಕಿ ಸಿಗುತ್ತದೆ. ಹೊಟ್ಟೆ ತುಂಬುವ ಒಂದು ಊಟಕ್ಕೆ ಅಷ್ಟರೊಳಗೆ ಆದರೆ ಉತ್ತಮ, ಒಂದೂವರೆ ಪಟ್ಟಿನವರೆಗೆ ಪರವಾಗಿಲ್ಲ, ಅದಕ್ಕೂ ಮೇಲಾದರೆ ಅದು ದಿನನಿತ್ಯದ ಜಾಗವಲ್ಲ. ಈ ಅಳತೆಯ ಗುಣವೆಂದರೆ ಯಾವ ಊರಿನಲ್ಲೂ ಯಾವ ನಾಣ್ಯದಲ್ಲೂ ಇದು ನಡೆಯುತ್ತದೆ, ಬೆಲೆ ಏರಿದಾಗ ತಾನೂ ಏರುತ್ತದೆ.

ಹಂತ 2: ನಕ್ಷೆಯಲ್ಲಿ ಹೋಟೆಲ್ ಹುಡುಕಬೇಡಿ, ದುಡಿಯುವ ಜಾಗ ಹುಡುಕಿ

ಹೆಚ್ಚಿನವರು ನಕ್ಷೆಯ ಆ್ಯಪ್ ತೆರೆದು ‘ಹೋಟೆಲ್’ ಎಂದು ಬರೆದು, ರೇಟಿಂಗ್ ಪ್ರಕಾರ ಜೋಡಿಸಿ, ಮೇಲಿನ ಐದನ್ನು ನೋಡಿ ಕೈಚೆಲ್ಲುತ್ತಾರೆ. ಈ ಕ್ರಮದಲ್ಲಿ ಅಗ್ಗದ ಜಾಗ ಮೇಲೆ ಬರುವುದೇ ಇಲ್ಲ. ಅಲ್ಲಿ ದಿನವೂ ಉಣ್ಣುವವರಿಗೆ ವಿಮರ್ಶೆ ಬರೆಯುವ ಪುರುಸೊತ್ತಿಲ್ಲ. ಬರೆಯುವವರು ವಿಶೇಷ ದಿನಕ್ಕೆ ವಿಶೇಷ ಜಾಗಕ್ಕೆ ಹೋದವರು.

ಬದಲಿಗೆ ಹೀಗೆ ಮಾಡಿ. ನೀವಿರುವ ಜಾಗದ ಸುತ್ತ 1 ಕಿಲೋಮೀಟರಿನ ವೃತ್ತ ಕಲ್ಪಿಸಿಕೊಳ್ಳಿ. ಸಾಧಾರಣ ನಡಿಗೆಯಲ್ಲಿ ಅದು 12ರಿಂದ 15 ನಿಮಿಷ. ಆ ವೃತ್ತದೊಳಗೆ ಈ ಜಾಗಗಳನ್ನು ಗುರುತು ಮಾಡಿ: ಆಸ್ಪತ್ರೆ, ಕಾಲೇಜು, ಬಸ್ ಡಿಪೊ, ರೈಲು ನಿಲ್ದಾಣ, ಸರ್ಕಾರಿ ಕಚೇರಿ, ನ್ಯಾಯಾಲಯ, ಅಂಚೆ ವಿಂಗಡಣೆ ಕೇಂದ್ರ, ವಾಹನ ರಿಪೇರಿ ಗ್ಯಾರೇಜುಗಳ ಸಾಲು, ಗೋದಾಮು, ಸಗಟು ಮಾರುಕಟ್ಟೆ, ಕಟ್ಟಡ ಏಳುತ್ತಿರುವ ಜಾಗ, ದೊಡ್ಡ ಮಾಲ್‌ನ ಹಿಂಬದಿ. ಗೂಗಲ್ ಮ್ಯಾಪ್ಸ್ ಜೊತೆಗೆ ಓಪನ್‌ಸ್ಟ್ರೀಟ್‌ಮ್ಯಾಪನ್ನೂ ತೆರೆದು ನೋಡಿ. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಸ್ವಯಂಸೇವಕರೇ ಕಟ್ಟುತ್ತಾರೆ. ಅದರಲ್ಲಿ ಕೈಗಾರಿಕೆಯ ಜಾಗ, ಕಾಮಗಾರಿ ನಡೆಯುತ್ತಿರುವ ಜಾಗ, ವಾಸದ ಮನೆಗಳ ಜಾಗ ಒಂದೊಂದಕ್ಕೂ ಬೇರೆ ಬಣ್ಣವಿರುವುದರಿಂದ ಒಂದು ನೋಟಕ್ಕೇ ಗೊತ್ತಾಗುತ್ತದೆ. ಗುರುತು ಹಾಕಿದ ಪ್ರತಿ ಜಾಗದ ಸುತ್ತ ಇನ್ನೂರು ಮುನ್ನೂರು ಮೀಟರಿನೊಳಗೆ ದುಡಿಯುವವರು ಉಣ್ಣುವ ಕಟ್ಟೆ ಇರುವ ಸಾಧ್ಯತೆ ಹೆಚ್ಚು. ಅವರ ಊಟದ ವಿರಾಮವೇ ಅರ್ಧ ಗಂಟೆ, ಅದಕ್ಕಿಂತ ದೂರ ನಡೆದು ಹೋಗಿ ತಿಂದು ಬರಲು ಆಗುವುದಿಲ್ಲ.

ನಂತರ ಬಡಾವಣೆಯ ಗಡಿ ನೋಡಿ. ಎಷ್ಟೋ ಶ್ರೀಮಂತ ಬಡಾವಣೆಗಳ ನಡುವೆ ಊಟದ ಜಾಗ ಇರುವುದೇ ಇಲ್ಲ, ಏಕೆಂದರೆ ಅಲ್ಲಿ ಮನೆ ಬಿಟ್ಟು ಬೇರೇನೂ ಕಟ್ಟುವಂತಿಲ್ಲ. ಹೀಗೆ ಜಾಗಗಳನ್ನು ಬಳಕೆಯ ಪ್ರಕಾರ ವಿಂಗಡಿಸುವ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ, ಕ್ಲೀವ್‌ಲ್ಯಾಂಡ್ ನಗರದ ಹೊರವಲಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಇಂಥ ನಿಯಮವಿರುವ ಕಡೆ ಅಂಗಡಿಗಳೆಲ್ಲ ಒಂದೇ ಸಾಲಿನಲ್ಲಿ, ಬಹುಪಾಲು ಹೆದ್ದಾರಿ ಅಥವಾ ರೈಲು ಹಳಿಯ ಬದಿಯಲ್ಲಿ, ಇಲ್ಲವೇ ಪಕ್ಕದ ಬಡಾವಣೆಯ ಅಂಚಿನಲ್ಲಿ ಕೂಡಿಕೊಂಡಿರುತ್ತವೆ. ನಡುವೆ ಅಲೆದು ಕಾಲು ನೋಯಿಸಿಕೊಳ್ಳಬೇಡಿ, ಅಂಚಿಗೆ ಹೋಗಿ. ಹಳಿ, ಕಾಲುವೆ, ಹೆದ್ದಾರಿ ದಾಟಿದ ಕೂಡಲೇ ಬೆಲೆ ಇಳಿಯುವುದು ಸಾಮಾನ್ಯ. ದಾಟಲು ಮೇಲ್ಸೇತುವೆ ಅಥವಾ ಸುರಂಗ ಎಲ್ಲಿದೆ ಎಂಬುದನ್ನೂ ನಕ್ಷೆಯಲ್ಲೇ ನೋಡಿಕೊಳ್ಳಿ. ನೇರ ಅಂತರ 300 ಮೀಟರ್ ಇದ್ದು ನಡೆಯುವ ದಾರಿ 2 ಕಿಲೋಮೀಟರ್ ಇರಬಹುದು.

ಆ್ಯಪ್‌ನಿಂದ ಹೆಚ್ಚು ಪ್ರಯೋಜನ ಪಡೆಯಲು ಮೂರು ಕಿವಿಮಾತು. ಹುಡುಕುವಾಗ ಕ್ಯಾಂಟೀನ್, ಮೆಸ್, ಬೇಕರಿ, ಕೇಟರಿಂಗ್, ಪಾರ್ಸೆಲ್ ಎಂಬ ಪದಗಳನ್ನೂ ಬಳಸಿ. ಅಲ್ಲಿ ದುಡಿಯುವವರ ಭಾಷೆಯಲ್ಲೂ ಒಮ್ಮೆ ಬರೆದು ನೋಡಿ, ಬೇರೆಯೇ ಪಟ್ಟಿ ಬರುತ್ತದೆ. ಬೆಲೆಯ ಚಿಹ್ನೆಗಳನ್ನು ನೆಚ್ಚಬೇಡಿ, ಜನ ಮೆನುವಿನ ಫೋಟೊ ಹಾಕಿರುತ್ತಾರೆ, ಅದರಲ್ಲಿ ದಿನಾಂಕ ನೋಡಿ. ಒಂದು ವರ್ಷಕ್ಕಿಂತ ಹಳೆಯ ಫೋಟೊದ ಬೆಲೆಯನ್ನು ನಂಬಿ ಹೋದರೆ ಗಲ್ಲಾದ ಮುಂದೆ ಮುಜುಗರವಾಗುತ್ತದೆ. ಮೂರನೆಯದು ಬಹಳ ಮುಖ್ಯ: ಯಾವ ಗಂಟೆಯಲ್ಲಿ ಎಷ್ಟು ಜನ ಎಂದು ತೋರಿಸುವ ಕಂಬಗಳ ಚಿತ್ರ. ವಾರದ ದಿನ ಮಧ್ಯಾಹ್ನ ಕಂಬ ಎತ್ತರವಾಗಿದ್ದು ಭಾನುವಾರ ಚಪ್ಪಟೆಯಾಗಿದ್ದರೆ ಅದು ದುಡಿಯುವವರ ಜಾಗ. ಶನಿವಾರ ಭಾನುವಾರ ರಾತ್ರಿ ಎತ್ತರವಾಗಿದ್ದರೆ ವಿಹಾರಕ್ಕೆ ಬರುವವರ ಜಾಗ.

ಹಂತ 3: ಎರಡು ಸುತ್ತು ನಡೆಯಿರಿ

ಮೊದಲ ಸುತ್ತು ವಾರದ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಗಂಟೆ ಮುಂಚೆ. ಎರಡನೆಯದು ಬೆಳಗ್ಗೆ, ಕೆಲಸದವರು ಬಸ್ಸಿಳಿದು ಬರುವ ಹೊತ್ತಿಗೆ. ಶನಿವಾರ ಭಾನುವಾರ ಹೋದರೆ ಸುತ್ತು ವ್ಯರ್ಥ, ಬೇಕಾದ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ.

ಮುಖ್ಯರಸ್ತೆ ಬಿಟ್ಟು ಅದಕ್ಕೆ ಸಮಾನಾಂತರವಾದ ಹಿಂದಿನ ರಸ್ತೆಯಲ್ಲಿ ನಡೆಯಿರಿ. ನೆಲಮಾಳಿಗೆಯ ಮೆಟ್ಟಿಲು, ಮೊದಲ ಮಹಡಿಯ ಬೋರ್ಡು, ಮಾಲ್‌ನಲ್ಲಿ ಸರಕು ಇಳಿಸುವ ಜಾಗ, ಸಿಬ್ಬಂದಿ ಓಡಾಡುವ ಬಾಗಿಲು ಇವುಗಳ ಮುಂದೆ ನಿಧಾನ ಮಾಡಿ. ಸಾಲಾಗಿ ನಿಂತ ಡೆಲಿವರಿ ಬೈಕುಗಳನ್ನು ಮಾತ್ರ ನೋಡಿ ಮೋಸಹೋಗಬೇಡಿ. ಅವರು ದುಬಾರಿ ಹೋಟೆಲ್ ಮುಂದೆಯೂ ಪಾರ್ಸೆಲಿಗೆ ಕಾಯುತ್ತಾರೆ. ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದಿಟ್ಟು, ತಾವೇ ತಿನ್ನುತ್ತಿದ್ದರೆ ಅದು ಗುರುತು. ಸಮವಸ್ತ್ರದಲ್ಲಿರುವ ಇಬ್ಬರು ಮೂವರು ಒಂದೇ ದಿಕ್ಕಿಗೆ ಬಿರುಸಾಗಿ ನಡೆದರೆ ಆ ದಿಕ್ಕಿಗೆ ನೀವೂ ನಡೆಯಿರಿ.

ಕೇಳುವುದಕ್ಕೆ ಸಂಕೋಚ ಬೇಡ, ಆದರೆ ಸರಿಯಾದ ಪ್ರಶ್ನೆ ಕೇಳಿ. ‘ಇಲ್ಲಿ ಒಳ್ಳೆಯ ಹೋಟೆಲ್ ಎಲ್ಲಿದೆ?’ ಎಂದರೆ ನಿಮ್ಮ ಬಟ್ಟೆ ನೋಡಿ, ನಿಮ್ಮ ಮರ್ಯಾದೆಗೆ ತಕ್ಕದ್ದೆಂದು ತಮಗೆ ತೋಚಿದ ದುಬಾರಿ ಜಾಗ ತೋರಿಸುತ್ತಾರೆ. ‘ಅಣ್ಣ, ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಿ?’ ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ. ಎಷ್ಟು ಹೊತ್ತಿಗೆ ಹೋಗಬೇಕು, ಯಾವ ದಿನ ರಜೆ, ಏನು ತಗೊಂಡರೆ ಹೊಟ್ಟೆ ತುಂಬುತ್ತದೆ ಎಂಬುದನ್ನೂ ಅವರೇ ಹೇಳುತ್ತಾರೆ. ಗೇಟು ಕಾಯುವವರು, ಕಾರಿನಲ್ಲಿ ಮಾಲೀಕರಿಗಾಗಿ ಕಾಯುವ ಡ್ರೈವರ್‌ಗಳು, ಅಂಚೆಯವರು, ಔಷಧಿ ಅಂಗಡಿಯ ಹುಡುಗರು ಚೆನ್ನಾಗಿ ಬಲ್ಲವರು. ಮೂವರನ್ನು ಕೇಳಿ, ಇಬ್ಬರು ಒಂದೇ ಜಾಗದ ಹೆಸರು ಹೇಳಿದರೆ ನೇರವಾಗಿ ಅಲ್ಲಿಗೆ ಹೋಗಿ.

ಹಂತ 4: ಬಾಗಿಲಲ್ಲಿ ನಿಂತು ಎರಡು ನಿಮಿಷ ಓದಿ

ಜಾಗ ಸಿಕ್ಕಿತು ಎಂದುಕೊಳ್ಳಿ. ಕೂಡಲೇ ನುಗ್ಗಬೇಡಿ. ಬಾಗಿಲ ಪಕ್ಕದ ಹಲಗೆ ನೋಡಿ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕೈದು ಸಾಲು, ನಿನ್ನೆಯದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಬಿಳಿಯ ಮಸಕು ಇನ್ನೂ ಉಳಿದಿದೆ, ಒಂದು ತಿನಿಸಿನ ಮೇಲೆ ಅಡ್ಡಗೆರೆ ಎಳೆದಿದ್ದಾರೆ. ಇದಕ್ಕಿಂತ ಒಳ್ಳೆಯ ಲಕ್ಷಣ ಇಲ್ಲ. ಪಟ್ಟಿ ದಿನವೂ ಬದಲಾಗುತ್ತದೆ, ಮಾರುಕಟ್ಟೆಯಲ್ಲಿ ಆ ದಿನ ಅಗ್ಗಕ್ಕೆ ಸಿಕ್ಕಿದ್ದನ್ನು ಬೇಯಿಸುತ್ತಾರೆ, ಮುಗಿದದ್ದನ್ನು ಹೊಡೆದುಹಾಕುತ್ತಾರೆ. ನಾಲ್ಕೇ ತಿನಿಸು ಎಂದರೆ ಸಾಮಾನು ಕೊಳೆಯುವುದಿಲ್ಲ, ಅಡುಗೆಯವರು ಇಬ್ಬರೇ ಸಾಕು. ದಪ್ಪ ಪುಸ್ತಕದಂಥ ಮೆನುವಿನಲ್ಲಿ ನೂರು ತಿನಿಸಿದ್ದರೆ ಅಷ್ಟಕ್ಕೂ ಸಾಮಾನು ಸಂಗ್ರಹಿಸಿಟ್ಟ ಖರ್ಚು ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ.

ಬೆಲೆ ಬರೆದಿದ್ದಾರೆಯೇ ನೋಡಿ. ಹೊರಗೆ ಬೆಲೆ ಇಲ್ಲದ ಜಾಗಕ್ಕೆ ಹೋಗಬೇಡಿ. ‘ಮಾರುಕಟ್ಟೆ ದರ’ ಎಂದು ಬರೆದಿರುವ ತಿನಿಸನ್ನು ಬೆಲೆ ಕೇಳದೆ ತರಿಸಬೇಡಿ. ದೊಡ್ಡ ಮೆನುಗಳಲ್ಲಿ ಚೌಕಟ್ಟಿನೊಳಗೆ ಎದ್ದು ಕಾಣುವಂತೆ ಮುದ್ರಿಸಿದ್ದು ಸಾಮಾನ್ಯವಾಗಿ ಹೋಟೆಲಿಗೆ ಹೆಚ್ಚು ಲಾಭ ತರುವುದು. ಪಟ್ಟಿಯ ತುದಿಯ ಅತಿ ದುಬಾರಿ ತಿನಿಸಿನ ಕೆಲಸ ಅದರ ಕೆಳಗಿನದನ್ನು ಅಗ್ಗವಾಗಿ ಕಾಣಿಸುವುದು. ಪಾನೀಯ, ಸಿಹಿ, ನಂಜಿಕೊಳ್ಳುವ ಚಿಕ್ಕಪುಟ್ಟವುಗಳಲ್ಲಿ ಖರ್ಚಿಗೂ ಬೆಲೆಗೂ ನಡುವಿನ ಅಂತರ ಇನ್ನೂ ದೊಡ್ಡದು. ಊಟ ಅಗ್ಗವಾಗಿದ್ದೂ ಬಿಲ್ ಏರಿತೆಂದರೆ ಬಹುಪಾಲು ಕಾರಣ ಒಂದು ಲೋಟ.

ಒಳಗಿನವರ ತಟ್ಟೆಗಳನ್ನೂ ಗಮನಿಸಿ. ಹೆಚ್ಚಿನವರ ತಟ್ಟೆಯಲ್ಲಿ ಒಂದೇ ಬಗೆಯ ಊಟವಿದ್ದರೆ ಅದನ್ನೇ ತೆಗೆದುಕೊಳ್ಳಿ, ಆ ಹೊತ್ತಿನಲ್ಲಿ ಬಿಸಿಯಾಗಿ ಹೆಚ್ಚು ಪ್ರಮಾಣದಲ್ಲಿ ಆಗುತ್ತಿರುವುದು ಅದೇ. ಉದ್ದ ಸಾಲು ಇದ್ದ ಮಾತ್ರಕ್ಕೆ ಅಗ್ಗವೆಂದು ತಿಳಿಯಬೇಡಿ. ಸಾಲು ಎಷ್ಟು ಬೇಗ ಮುಂದೆ ಸರಿಯುತ್ತದೆ ನೋಡಿ. 10 ನಿಮಿಷದಲ್ಲಿ ಇಪ್ಪತ್ತು ಜನ ಒಳಗೆ ಹೋದರೆ ಅದು ದುಡಿಯುವವರ ಜಾಗ. ಮೂವರು ಹೋಗಿ, ಉಳಿದವರು ಫೋಟೊ ತೆಗೆದುಕೊಳ್ಳುತ್ತಿದ್ದರೆ ಅದು ಹೆಸರಾದ ಜಾಗ, ಬೆಲೆ ಆಗಲೇ ಏರಿದೆ ಅಥವಾ ಏರಲಿದೆ.

ಹಂತ 5: ಪೂರ್ತಿ ಬಿಲ್ ಲೆಕ್ಕ ಹಾಕಿ

ಹಲಗೆಯ ಬೆಲೆ ನೀವು ಕೊಡುವ ಬೆಲೆ ಅಲ್ಲ. ಊಟ 100 ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಬಾಟಲಿ ನೀರು 15, ಸೇವಾ ಶುಲ್ಕ 10, ಇವೆಲ್ಲದರ ಮೇಲೆ ತೆರಿಗೆ, ಕೊನೆಗೆ ಮೇಜಿನ ಮೇಲೆ ಬಿಡುವ ಟಿಪ್ಸ್. ಕೂಡಿದರೆ 135 ದಾಟಬಹುದು. ಪಕ್ಕದಲ್ಲಿ 115ಕ್ಕೆ ಎಲ್ಲವೂ ಸೇರಿದ ಊಟವಿದ್ದರೆ ಅದೇ ಅಗ್ಗ, ಹಲಗೆ ನೋಡಿದಾಗ ದುಬಾರಿಯಾಗಿ ಕಂಡರೂ. ಕೂರುವ ಮುಂಚೆ ಮೂರು ಪ್ರಶ್ನೆ ಕೇಳಿಬಿಡಿ: ತೆರಿಗೆ ಸೇರಿದೆಯೇ? ಸೇವಾ ಶುಲ್ಕ ಇದೆಯೇ? ಕುಡಿಯಲು ಮಾಮೂಲಿ ನೀರು ಕೊಡುತ್ತೀರಾ? ಕೆಲವು ಊರುಗಳಲ್ಲಿ ಕೂತು ತಿಂದರೆ ಒಂದು ಬೆಲೆ, ನಿಂತು ತಿಂದರೆ ಇನ್ನೊಂದು, ಕಟ್ಟಿಸಿಕೊಂಡರೆ ಮತ್ತೊಂದು. ನೀವು ಕೇಳದೆ ತಂದಿಟ್ಟ ತಟ್ಟೆಯನ್ನು ಮುಟ್ಟುವ ಮುಂಚೆ, ಇದಕ್ಕೆ ಹಣವಿದೆಯೇ ಎಂದು ವಿಚಾರಿಸಿ.

ಡೆಲಿವರಿ ಆ್ಯಪ್ ಮೂಲಕ ಅಗ್ಗದ ಊಟ ಹುಡುಕುವುದು ಬಹುತೇಕ ನಷ್ಟದ ವ್ಯವಹಾರ. ಆ್ಯಪ್‌ಗಳು ಹೋಟೆಲಿನಿಂದ ಸಾಮಾನ್ಯವಾಗಿ ಶೇ 15ರಿಂದ 30ರವರೆಗೆ ಕಮಿಷನ್ ಪಡೆಯುತ್ತವೆ. ಅದನ್ನು ತುಂಬಿಕೊಳ್ಳಲು ಎಷ್ಟೋ ಹೋಟೆಲುಗಳು ಆ್ಯಪ್‌ನಲ್ಲಿ ಬೆಲೆ ಹೆಚ್ಚಿಸಿಡುತ್ತವೆ. ಅದರ ಮೇಲೆ ಪ್ಯಾಕಿಂಗ್, ತಂದುಕೊಡುವ ಶುಲ್ಕ. ಆ್ಯಪ್‌ನ ನಿಜವಾದ ಉಪಯೋಗ ಬೇರೆ ಇದೆ: ಬೋರ್ಡೇ ಇಲ್ಲದ ಅಡುಗೆಮನೆಗಳು ಎಲ್ಲಿವೆ ಎಂಬ ವಿಳಾಸ ಅದರಲ್ಲಿ ಸಿಗುತ್ತದೆ. ವಿಳಾಸ ಬರೆದುಕೊಂಡು ನಡೆದು ಹೋಗಿ ಕೇಳಿ. ಹಲವರು ನೇರವಾಗಿ ಬಂದವರಿಗೆ ಕಡಿಮೆ ಬೆಲೆಗೆ ಕೊಡುತ್ತಾರೆ.

ಹಂತ 6: ದುಬಾರಿ ಹೋಟೆಲಿನಲ್ಲೂ ಅಗ್ಗದ ಹೊತ್ತಿದೆ

ರಾತ್ರಿ ಹತ್ತಿರ ಸುಳಿಯಲಾಗದ ಹೋಟೆಲ್, ವಾರದ ದಿನ ಮಧ್ಯಾಹ್ನ ಅರ್ಧ ಬೆಲೆಗೆ ನಿಗದಿತ ಊಟ ಕೊಡುವುದುಂಟು. ಅಡುಗೆಯವರಿಗೆ ಸಂಬಳ ಹೇಗೂ ನಡೆಯುತ್ತಿದೆ, ಬಾಡಿಗೆ ಹೇಗೂ ಕಟ್ಟಬೇಕು, ಖಾಲಿ ಕುರ್ಚಿಯಿಂದ ಬರುವುದು ಸೊನ್ನೆ. ದಿನಸಿಯ ಖರ್ಚಿನ ಮೇಲೆ ಸ್ವಲ್ಪ ಹೆಚ್ಚು ಬಂದರೂ ಅವರಿಗೆ ಲಾಭವೇ. ಈ ಊಟಕ್ಕೆ ನಿಯಮಗಳಿರುತ್ತವೆ: ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಮಾತ್ರ, ಬದಲಾವಣೆ ಕೇಳುವಂತಿಲ್ಲ, ರಜಾದಿನ ಇಲ್ಲ. ಇದರ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಇಟ್ಟಿರುತ್ತಾರೆ. ಕೇಳಿದರೆ ಮಾತ್ರ ಕೊಡುವ ಕಡೆಗಳೂ ಇವೆ, ಹಾಗಾಗಿ ಬಾಯಿಬಿಟ್ಟು ಕೇಳಿ. ಹೊತ್ತು ಮುಗಿಯಲು ಐದು ನಿಮಿಷವಿದ್ದಾಗ ಹೋದರೆ ಒಳ್ಳೆಯದು ಉಳಿದಿರುವುದಿಲ್ಲ. ಮಧ್ಯಾಹ್ನ ಅಲ್ಲಿ ಹೊಟ್ಟೆ ತುಂಬ ಉಂಡು ರಾತ್ರಿ ಹಗುರವಾಗಿ ಮುಗಿಸುವುದು, ಸ್ನೇಹಿತರೊಂದಿಗೆ ಅದೇ ಬಡಾವಣೆಯಲ್ಲಿ ಸೇರಬೇಕಾದವರಿಗೆ ಅತ್ಯಂತ ಮರ್ಯಾದಸ್ಥ ದಾರಿ.

ಹಂತ 7: ಹೋಟೆಲ್ ಅಲ್ಲದ ಊಟದ ಜಾಗಗಳು

ಆಸ್ಪತ್ರೆಯ ಕ್ಯಾಂಟೀನನ್ನು ಎಲ್ಲರೂ ಮರೆಯುತ್ತಾರೆ. ಅಲ್ಲಿ ರೋಗಿಗಳ ಕಡೆಯವರು, ಸಿಬ್ಬಂದಿ ಎಲ್ಲರೂ ಉಣ್ಣಬೇಕು. ಪಾಳಿಯಲ್ಲಿ ಕೆಲಸ ನಡೆಯುವುದರಿಂದ ಬೇರೆಲ್ಲ ಮುಚ್ಚಿದಾಗಲೂ ತೆರೆದಿರುತ್ತದೆ. ಹೊರಗಿನವರಿಗೆ ಪ್ರವೇಶವಿದೆಯೇ ಎಂದು ಬಾಗಿಲಲ್ಲಿ ಕೇಳಿ. ರೋಗಿಗಳ ಕಡೆಯವರಿಗೆ ಮೀಸಲಾದ ಮೇಜು, ರಿಯಾಯಿತಿ ಊಟ ಇದ್ದರೆ ಅದನ್ನು ಅವರಿಗೇ ಬಿಡಿ. ಕಾಲೇಜು, ಸರ್ಕಾರಿ ಕಚೇರಿಗಳ ಕ್ಯಾಂಟೀನುಗಳೂ ಹೀಗೆಯೇ, ಆದರೆ ರಜೆ ಬಂದರೆ ಬಾಗಿಲು ಹಾಕುತ್ತವೆ.

ಸೂಪರ್‌ಮಾರ್ಕೆಟ್‌ನಲ್ಲಿ ಬೇಯಿಸಿದ ಊಟದ ಕೌಂಟರ್ ಇದ್ದರೆ ಅಂಗಡಿ ಮುಚ್ಚುವುದಕ್ಕೆ ಒಂದೆರಡು ಗಂಟೆ ಮುಂಚೆ ಹೋಗಿ. ಉಳಿದದ್ದರ ಮೇಲೆ ರಿಯಾಯಿತಿ ಚೀಟಿ ಅಂಟಿಸುವುದು ಆಗಲೇ. ಎರಡು ಮೂರು ದಿನ ಬೇರೆ ಬೇರೆ ಹೊತ್ತಿಗೆ ಹೋಗಿ ನೋಡಿದರೆ ಚೀಟಿ ಅಂಟಿಸುವ ನಿಖರ ಸಮಯ ತಿಳಿಯುತ್ತದೆ. ಅದು ಹೆಚ್ಚು ಬದಲಾಗುವುದಿಲ್ಲ. ಪೊಟ್ಟಣದ ಬೆಲೆಗಿಂತ 100 ಗ್ರಾಂಗೆ ಎಷ್ಟು ಎಂದು ಹೋಲಿಸಿ, ದೊಡ್ಡ ಡಬ್ಬಿಯೊಳಗೆ ಗಾಳಿಯೇ ಹೆಚ್ಚಿರಬಹುದು. ತಾರೀಖುಗಳಲ್ಲಿ ಎರಡು ಬಗೆ ಇವೆ. ‘ಇಂಥ ದಿನದೊಳಗೆ ಉತ್ತಮ’ ಎಂಬುದು ರುಚಿಯ ಮಾತು, ಸರಿಯಾಗಿ ಇಟ್ಟಿದ್ದರೆ ಆ ದಿನ ದಾಟಿದ ಕೂಡಲೇ ಆಹಾರ ಕೆಡುವುದಿಲ್ಲ. ‘ಇಂಥ ದಿನದೊಳಗೆ ಬಳಸಿ’ ಎಂಬುದು ಆರೋಗ್ಯದ ಮಾತು, ಅದನ್ನು ಮೀರಬೇಡಿ. ಉಳಿದ ಊಟವನ್ನು ಕಡಿಮೆ ಬೆಲೆಗೆ ಕೊಡಿಸುವ ಆ್ಯಪ್‌ಗಳೂ ಇವೆ. 2015ರಲ್ಲಿ ಡೆನ್ಮಾರ್ಕ್‌ನಲ್ಲಿ ಆರಂಭವಾದ ಟೂ ಗುಡ್ ಟು ಗೋ ಯುರೋಪ್ ಮತ್ತು ಉತ್ತರ ಅಮೆರಿಕದ ಹಲವು ನಗರಗಳಲ್ಲಿ ನಡೆಯುತ್ತಿದೆ. ಶ್ರೀಮಂತ ಬಡಾವಣೆಯಲ್ಲಿ ಇದು ವಿಶೇಷವಾಗಿ ಫಲ ಕೊಡುತ್ತದೆ, ಏಕೆಂದರೆ ಅಲ್ಲಿನ ಬೇಕರಿಗಳು ಕಪಾಟು ಖಾಲಿ ಕಾಣಬಾರದೆಂದು ಸಂಜೆಯವರೆಗೂ ತುಂಬಿಸಿಡುತ್ತವೆ. ಚೀಲದಲ್ಲಿ ಏನು ಬರುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಅಲರ್ಜಿ ಇರುವವರು, ಸಸ್ಯಾಹಾರಿಗಳು ಕೇಳಿಯೇ ತೆಗೆದುಕೊಳ್ಳಬೇಕು.

ಕಾಮಗಾರಿಯ ಪಕ್ಕದ ತಳ್ಳುಗಾಡಿ, ವ್ಯಾನುಗಳೂ ಪಟ್ಟಿಯಲ್ಲಿರಲಿ. ಅವುಗಳ ಆಯುಷ್ಯ ಕಟ್ಟಡ ಮುಗಿಯುವವರೆಗೆ ಮಾತ್ರ.

ಶುಚಿ: ಇದೊಂದರಲ್ಲಿ ರಾಜಿ ಬೇಡ

ಅಗ್ಗದ ಊಟ ತಿಂದು ಔಷಧಿಗೆ ಹತ್ತರಷ್ಟು ಸುರಿದರೆ ಏನು ಬಂತು? ಬೆಲೆಗೂ ಶುಚಿಗೂ ನೇರ ಸಂಬಂಧವಿಲ್ಲ. ತಾಪಕ್ಕೂ ಸಮಯಕ್ಕೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳವಾಗಿದೆ: ಬಿಸಿ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ ಇರಬೇಕು, ಬೇಯಿಸಿದ ಆಹಾರವನ್ನು ಕೋಣೆಯ ತಾಪದಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದು. ಈ ನಡುವಿನ ತಾಪದಲ್ಲೇ ಸೂಕ್ಷ್ಮಾಣುಗಳು ಬೇಗ ಬೆಳೆಯುವುದು.

ಥರ್ಮಾಮೀಟರ್ ಹಿಡಿದು ಯಾರೂ ಊಟಕ್ಕೆ ಹೋಗುವುದಿಲ್ಲ. ಕಣ್ಣಿಗೆ ಕಾಣುವುದನ್ನು ನೋಡಿ. ಪಾತ್ರೆಯ ಮುಚ್ಚಳ ತೆಗೆದಾಗ ಆವಿ ದಟ್ಟವಾಗಿ ಏಳಬೇಕು, ಮುಚ್ಚಳದ ಒಳಗಿನ ಹನಿಗಳು ಸೌಟು ಹಿಡಿದವರ ಕೈ ಹಿಂದೆ ಸರಿಯುವಷ್ಟು ಸುಡುತ್ತಿರಬೇಕು. ಮೇಲೆ ಕೆನೆಗಟ್ಟಿ, ಅಂಚು ಒಣಗಿ ಪಾತ್ರೆಗೆ ಅಂಟಿದ್ದರೆ ಅದು ಬಹಳ ಹೊತ್ತಿನಿಂದ ಉಗುರುಬೆಚ್ಚಗೆ ಕೂತಿದೆ. ಪಾತ್ರೆ ಖಾಲಿಯಾದ ಮೇಲೆ ಹೊಸ ಪಾತ್ರೆ ತಂದಿಡುತ್ತಾರೋ, ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಾರೋ ಗಮನಿಸಿ. ಎರಡನೆಯದು ಕೆಟ್ಟ ಅಭ್ಯಾಸ, ತಳದಲ್ಲಿ ಬೆಳಗಿನದೇ ಉಳಿದಿರುತ್ತದೆ. ಹಣ ಮುಟ್ಟುವ ಕೈ, ಬಡಿಸುವ ಕೈ ಬೇರೆಯಾಗಿದ್ದರೆ ನೆಮ್ಮದಿ. ತಟ್ಟೆ ತೊಳೆಯುವ ಜಾಗದಲ್ಲಿ ಹರಿಯುವ ನೀರಿದೆಯೇ, ಒಂದೇ ಬಕೆಟಿನಲ್ಲಿ ಅದ್ದಿ ಎತ್ತುತ್ತಾರೆಯೇ ನೋಡಿ. ಪರವಾನಗಿ ಅಥವಾ ತಪಾಸಣೆಯ ಪತ್ರವನ್ನು ಗೋಡೆಗೆ ಹಾಕಬೇಕೆಂಬ ನಿಯಮ ಅನೇಕ ದೇಶಗಳಲ್ಲಿದೆ, ಅದನ್ನೂ ಓದಿ.

ಸಂಜೆಯ ರಿಯಾಯಿತಿಯಲ್ಲಿ ಅನ್ನದ ವಿಷಯಕ್ಕೆ ಹೆಚ್ಚು ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಬದುಕುಳಿಯುತ್ತವೆ. ಅನ್ನ ಗಂಟೆಗಟ್ಟಲೆ ಹೊರಗೆ ಉಳಿದರೆ ಬೆಳೆದು ವಿಷ ಬಿಡುತ್ತವೆ, ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರೆ ಸರಿ, ಮೇಜಿನ ಮೇಲೆ ಹಾಗೇ ಇದ್ದರೆ ಎಷ್ಟೇ ಅಗ್ಗವಾದರೂ ಬಿಡಿ.

ಅಲ್ಲಿ ಉಣ್ಣುವಾಗ

ಇದು ಶಿಷ್ಟಾಚಾರದ ಮಾತು ಮಾತ್ರವಲ್ಲ, ನ್ಯಾಯದ ಮಾತು. ಕೆಲಸದವರ ಕ್ಯಾಂಟೀನಿನಲ್ಲಿ ಊಟ ಎಣಿಸಿ ಮಾಡಿರುತ್ತಾರೆ. ಅರ್ಧ ಗಂಟೆ ವಿರಾಮ ಸಿಕ್ಕವರು ಬಂದಾಗ ನೀವು ಎಂಟು ಜನ ಸಹೋದ್ಯೋಗಿಗಳ ಜೊತೆ ಮೇಜು ಹಿಡಿದು ಹರಟುತ್ತಿದ್ದರೆ ಅವರು ಹಸಿದುಕೊಂಡೇ ಹಿಂದಿರುಗಬೇಕಾಗುತ್ತದೆ. ನಿಮ್ಮ ವೇಳೆ ನಿಮ್ಮ ಕೈಯಲ್ಲಿದ್ದರೆ ಅವರ ಗುಂಪು ಬರುವುದಕ್ಕೆ ಇಪ್ಪತ್ತು ನಿಮಿಷ ಮುಂಚೆ ಹೋಗಿ, ಇಲ್ಲವೇ ಗುಂಪು ಕರಗಿದ ಮೇಲೆ ಹೋಗಿ. ತಡವಾಗಿ ಹೋದರೆ ಕೆಲವು ಪದಾರ್ಥ ಮುಗಿದಿರುತ್ತವೆ, ಅದನ್ನು ಒಪ್ಪಿಕೊಳ್ಳಿ. ಚಿಲ್ಲರೆ ಜೊತೆಗಿರಲಿ. ಚೌಕಾಸಿ ಬೇಡ, ಆ ಬೆಲೆಯಲ್ಲಿ ಕೊಡುತ್ತಿರುವವರಿಗೆ ಉಳಿಯುವುದೇ ಅಷ್ಟಿಷ್ಟು. ಉಣ್ಣುತ್ತಿರುವವರ ಫೋಟೊ ತೆಗೆಯಬೇಡಿ. ತಟ್ಟೆಯನ್ನು ಎಲ್ಲರೂ ಎತ್ತಿಡುತ್ತಿದ್ದರೆ ನೀವೂ ಎತ್ತಿಡಿ. ಮರುದಿನ ಹೋದಾಗ ‘ಬನ್ನಿ’ ಎನ್ನುತ್ತಾರೆ, ಒಂದು ಸೌಟು ಹೆಚ್ಚೇ ಬೀಳುತ್ತದೆ.

ಹಂತ 8: ನೋಟ್‌ಬುಕ್‌ನಲ್ಲಿ ಬರೆದಿಡಿ

ಪ್ರತಿ ಜಾಗಕ್ಕೂ ಒಂದು ಸಾಲು ಸಾಕು. ಜಾಗದ ಗುರುತು, ತೆರೆಯುವ ಮುಚ್ಚುವ ಹೊತ್ತು, ವಾರದ ರಜೆ, ನಗದು ಮಾತ್ರವೇ, ಏನು ತಿಂದಿರಿ, ಎಲ್ಲ ಸೇರಿ ಎಷ್ಟು ಕೊಟ್ಟಿರಿ, ಮತ್ತೆ ಹಸಿವಾಗಲು ಎಷ್ಟು ಗಂಟೆ ಹಿಡಿಯಿತು. ಕೊನೆಯ ಅಂಕಣವನ್ನು ಬಿಡಬೇಡಿ. ಕೊಟ್ಟ ಹಣವನ್ನು ಆ ಗಂಟೆಗಳಿಂದ ಭಾಗಿಸಿ. 60 ಕೊಟ್ಟು ಎರಡು ಗಂಟೆಗೇ ಹಸಿದರೆ ಗಂಟೆಗೆ 30 ಬಿತ್ತು. 100 ಕೊಟ್ಟು ಐದು ಗಂಟೆ ತಡೆದರೆ 20 ಮಾತ್ರ. ಬರಿಯ ಮೈದಾ, ಸಕ್ಕರೆಯ ತಿಂಡಿಗಳು ಈ ಲೆಕ್ಕದಲ್ಲಿ ಸೋಲುತ್ತವೆ. ಕಾಳು, ಮೊಟ್ಟೆ, ತರಕಾರಿ ಇರುವ ಊಟ ಗೆಲ್ಲುತ್ತದೆ, ಏಕೆಂದರೆ ಪ್ರೋಟೀನ್ ಮತ್ತು ನಾರು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತವೆ. ಹತ್ತು ದಿನ ಬರೆದರೆ ನಿಮ್ಮ ಅಗ್ಗದ ಜಾಗಗಳ ಕ್ರಮವೇ ಬದಲಾಗಿರುತ್ತದೆ.

ಪಟ್ಟಿಯಲ್ಲಿ ಕನಿಷ್ಠ ಐದು ಜಾಗವಿರಲಿ: ಎರಡು ಮಧ್ಯಾಹ್ನಕ್ಕೆ, ಒಂದು ಬೆಳಗ್ಗೆಗೆ, ಒಂದು ರಾತ್ರಿಗೆ, ಒಂದು ಭಾನುವಾರಕ್ಕೆ. ಭಾನುವಾರದ್ದೇ ಕಷ್ಟ. ಅಂದು ಕೆಲಸದವರು ಬರುವುದಿಲ್ಲ, ಕ್ಯಾಂಟೀನು ಮುಚ್ಚಿರುತ್ತದೆ, ಹೋಟೆಲುಗಳು ರಜೆಯ ದರ ಹಾಕಿರುತ್ತವೆ. ಆಸ್ಪತ್ರೆ, ರೈಲು ನಿಲ್ದಾಣ, ಸೂಪರ್‌ಮಾರ್ಕೆಟ್ ಈ ಮೂರರಲ್ಲಿ ಒಂದು ಕೈಹಿಡಿಯುತ್ತದೆ, ಅದನ್ನು ಶನಿವಾರವೇ ನೋಡಿಟ್ಟುಕೊಳ್ಳಿ.

ಮೂರು ತಿಂಗಳಿಗೊಮ್ಮೆ ಪಟ್ಟಿ ತಿದ್ದಬೇಕು. ಬಾಡಿಗೆ ಕರಾರು ಮುಗಿದು ಅಂಗಡಿ ಎದ್ದುಹೋಗುತ್ತದೆ, ಡಿಪೊ ಸ್ಥಳಾಂತರವಾಗುತ್ತದೆ, ಕಟ್ಟಡಕ್ಕೆ ಬಣ್ಣ ಬಳಿದ ವಾರವೇ ಪಕ್ಕದ ತಳ್ಳುಗಾಡಿ ಕಾಣೆಯಾಗುತ್ತದೆ. ಗಾಡಿಯವರು ಹೋಗುವ ಮುಂಚೆಯೇ, ಮುಂದೆ ಯಾವ ಕಾಮಗಾರಿಯ ಹತ್ತಿರ ನಿಲ್ಲುತ್ತೀರಿ ಎಂದು ಕೇಳಿ ಬರೆದುಕೊಳ್ಳಿ. ಎರಡು ರಸ್ತೆ ಆಚೆಯ ಹೊಸ ಅಡಿಪಾಯದ ಪಕ್ಕದಲ್ಲಿ ಅದೇ ಗಾಡಿ ಮತ್ತೆ ಸಿಗಬಹುದು.